ನೀರು ಹಾಕಿದರೂ ಮನಿ ಪ್ಲಾಂಟ್ ಬಾಡುತ್ತಿದೆ, ಏನು ಮಾಡಲಿ?

ಆರು ತಿಂಗಳಿಂದ ಹಾಲ್‌ನ ಮೂಲೆಯಲ್ಲಿ ಮನಿ ಪ್ಲಾಂಟ್ ಇಟ್ಟಿದ್ದೇನೆ. ದಿನಾ ತಪ್ಪದೆ ಒಂದು ಲೋಟ ನೀರು. ಆದರೂ ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಿವೆ, ಉಳಿದವು ಜೋತು ಬಿದ್ದಿವೆ. ನೀರು ಇನ್ನೂ ಜಾಸ್ತಿ ಬೇಕಾ? ನಿಮ್ಮ ಅನುಭವ ಹೇಳಿ.

— ಮೊದಲು ನೀರು ನಿಲ್ಲಿಸಿ. ಎಲೆ ಬಾಡಿದರೆ ಗಿಡಕ್ಕೆ ಬಾಯಾರಿಕೆ ಅಂತಲೇ ತಿಳಿದು ನಾನು ಎರಡು ಗಿಡ ಕಳೆದುಕೊಂಡಿದ್ದೇನೆ. ಮಣ್ಣು ಸದಾ ಒದ್ದೆಯಿದ್ದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆದುಕೊಳ್ಳುವುದಿಲ್ಲ. ಹಾಗಾಗಿ ಸುತ್ತ ನೀರಿದ್ದರೂ ಗಿಡ ಬಾಡುತ್ತದೆ.

ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣೊಳಗೆ ಇಳಿಸಿ ನೋಡಿ. ಮೇಲಿನ ಮಣ್ಣು ಒಣಗಿದ್ದರೂ ಒಳಗೆ ತಂಪಾಗಿ ಅಂಟುತ್ತಿದ್ದರೆ ನೀರು ಬೇಡ. ಕುಂಡ ಎತ್ತಿ ನೋಡುವುದನ್ನೂ ರೂಢಿ ಮಾಡಿಕೊಳ್ಳಿ. ನೀರು ಹಾಕಿದ ದಿನದ ಭಾರ, ಒಣಗಿದ ದಿನದ ಭಾರ, ಎರಡೂ ಕೈಗೆ ಬೇಗ ಗೊತ್ತಾಗುತ್ತದೆ. ನಿಜವಾಗಿ ಒಣಗಿದ ಗಿಡವಾದರೆ ಎಲೆ ತೆಳ್ಳಗಾಗಿ ಅಂಚು ಗರಿಗರಿಯಾಗಿರುತ್ತದೆ, ಮಣ್ಣು ಕುಂಡದ ಅಂಚು ಬಿಟ್ಟಿರುತ್ತದೆ. ಅಂಥದಕ್ಕೆ ಮೇಲಿಂದ ಸುರಿದರೆ ನೀರು ಸಂದಿಯಲ್ಲಿ ಇಳಿದು ಹೋಗುತ್ತದೆ. ಅರ್ಧ ಗಂಟೆ ಕುಂಡವನ್ನೇ ನೀರಿನ ಬೇಸಿನ್‌ನಲ್ಲಿ ಇಡಬೇಕು.

ಮೂಲೆಯಲ್ಲಿದೆ ಅಂದಿರಲ್ಲ, ನನಗೆ ಅನುಮಾನ ಬಂದಿದ್ದೇ ಅಲ್ಲಿ. ಬೆಳಕು ಕಮ್ಮಿಯಾದರೆ ಗಿಡ ನೀರು ಕುಡಿಯುವುದೂ ಕಮ್ಮಿ. ನನ್ನ ಹತ್ತಿರ ಒಂದೇ ಅಳತೆಯ ಎರಡು ಕುಂಡಗಳಿವೆ. ಕಿಟಕಿ ಪಕ್ಕದ್ದು 5 ದಿನಕ್ಕೆ ಒಣಗುತ್ತದೆ. ಒಳಗಿನ ಗೋಡೆಯ ಹತ್ತಿರದ್ದು 12 ದಿನವಾದರೂ ತೇವ ಬಿಡುವುದಿಲ್ಲ. ವಾರಕ್ಕೆ ಇಷ್ಟು ಸಲ ಅಂತ ಲೆಕ್ಕ ಹಾಕುವುದು ಬಿಟ್ಟುಬಿಡಿ.

— ಬೆಳಕಿನ ಬಗ್ಗೆ ಒಂದು ಮಾತು. ನಮ್ಮ ಕಣ್ಣು ಮಬ್ಬಿಗೆ ಹೊಂದಿಕೊಳ್ಳುತ್ತದೆ, ಅದನ್ನು ನಂಬಬೇಡಿ. ಮಧ್ಯಾಹ್ನ ಗಿಡದಿಂದ ಒಂದು ಅಡಿ ಮೇಲೆ ಕೈ ಹಿಡಿಯಿರಿ. ನೆರಳು ಕಾಣದಿದ್ದರೆ ಆ ಜಾಗ ಗಿಡಕ್ಕೆ ಕತ್ತಲೆಯೇ. ಮಸುಕು ನೆರಳು ಬಿದ್ದರೆ ಮನಿ ಪ್ಲಾಂಟ್‌ಗೆ ನಡೆಯುತ್ತದೆ. ಎಲೆಗಳ ನಡುವಿನ ಅಂತರ ಉದ್ದವಾಗುತ್ತಾ, ಹೊಸ ಎಲೆ ಚಿಕ್ಕದಾಗುತ್ತಾ ಹೋದರೂ ಬೆಳಕು ಸಾಲದು ಅಂತಲೇ ಅರ್ಥ. ಹಾಗಂತ ಒಮ್ಮೆಲೇ ಬಿಸಿಲಿಗೆ ಇಡಬೇಡಿ. ನಾನು ಹಾಗೆ ಮಾಡಿ ಎರಡೇ ದಿನಕ್ಕೆ ಎಲೆ ಬೆಳ್ಳಗೆ ಸುಟ್ಟಿತು. ಆ ಕಲೆ ಮತ್ತೆ ಹಸಿರಾಗಲಿಲ್ಲ. ಒಂದೆರಡು ವಾರ ಸ್ವಲ್ಪ ಸ್ವಲ್ಪವೇ ಕಿಟಕಿ ಕಡೆ ಸರಿಸಿ.

— ಪ್ರಶ್ನೆ ಕೇಳಿದವಳು ನಾನೇ. ಈಗ ಕುಂಡ ಎತ್ತಿ ನೋಡಿದೆ. ಹೊರಗಿನ ಚಂದದ ಪಾಟ್‌ನಲ್ಲಿ ಎರಡು ಇಂಚು ನೀರು ನಿಂತಿತ್ತು! ಕೆಟ್ಟ ವಾಸನೆ ಬೇರೆ. ಕಂದು ಬೇರು ಹಿಡಿದು ಎಳೆದರೆ ಸಿಪ್ಪೆ ಜಾರಿ ಬಂದು ಒಳಗೆ ನೂಲಿನಂಥ ಎಳೆ ಉಳಿಯಿತು. ಬಿಳಿ ಬೇರು ನಾಲ್ಕೈದು ಇವೆ ಅಷ್ಟೇ. ಉಳಿಯುತ್ತದಾ?

— ಉಳಿಯುವ ಸಾಧ್ಯತೆ ಇದೆ. ಮೆತ್ತಗಿರುವ ಬೇರನ್ನೆಲ್ಲ ಶುದ್ಧವಾದ ಕತ್ತರಿಯಲ್ಲಿ ಕತ್ತರಿಸಿ. ಉಳಿದ ಬೇರಿಗೆ ತಕ್ಕಷ್ಟೇ ಚಿಕ್ಕ ಕುಂಡ, ಹೊಸ ಸಡಿಲ ಮಣ್ಣು, ತಳದಲ್ಲಿ ತೂತು. ಈಗ ಗೊಬ್ಬರ ಬೇಡವೇ ಬೇಡ. ಜೊತೆಗೆ ಗಟ್ಟಿಯಿರುವ ಬಳ್ಳಿಯಿಂದ ಗೆಣ್ಣು (ಎಲೆ ಹೊರಡುವ ಗಂಟು) ಇರುವ ಎರಡು ತುಂಡು ಕತ್ತರಿಸಿ ನೀರಿನ ಬಾಟಲಿಯಲ್ಲಿ ಇಡಿ. ಗೆಣ್ಣು ನೀರಲ್ಲಿ ಮುಳುಗಿರಬೇಕು. ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡಿ ಬೇಜಾರು ಮಾಡಿಕೊಳ್ಳಬೇಡಿ. ತುದಿಯ ಚಿಗುರನ್ನು ನೋಡುತ್ತಿರಿ. ಅದು ಬಿಚ್ಚಿಕೊಂಡ ದಿನ ಇಲ್ಲಿ ಬಂದು ಹೇಳಿ.