'ಸ್ಕಿಪ್ಪರ್ಲಿಂಗ್' ಚಿಟ್ಟೆಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಟೆಕ್ಸಾಸಿನ ನಮ್ಮ ಕನ್ನಡ ಶಾಲೆಯ ಮಕ್ಕಳಿಗಾಗಿ ಇಲ್ಲಿನ ಚಿಟ್ಟೆಗಳ ಕಿರುಪುಸ್ತಕ ಮಾಡುತ್ತಿದ್ದೇವೆ. ನಾಳೆ ಅಚ್ಚಿಗೆ ಹೋಗಬೇಕು. ಕೋಪಿಯೋಡಿಸ್ ಕುಲದ ಎರಡು ಚಿಟ್ಟೆಗಳ ಹತ್ತಿರ ಸಿಕ್ಕಿಕೊಂಡಿದ್ದೇನೆ: ಔರಾಂಟಿಯಾಕಾ, ಮಿನಿಮಾ. ಇಂಗ್ಲಿಷಿನಲ್ಲಿ ಎರಡೂ ಸ್ಕಿಪ್ಪರ್ಲಿಂಗ್, ಅಂದರೆ ಪುಟ್ಟ ಸ್ಕಿಪ್ಪರ್. ಜಿಗಿದಂತೆ ಹಾರುವ ಚಿಟ್ಟೆಗಳ ಒಂದು ಕುಟುಂಬಕ್ಕೆ ಸ್ಕಿಪ್ಪರ್ ಅನ್ನುತ್ತಾರೆ. ಕಿತ್ತಳೆ ಬಣ್ಣ, ರೆಕ್ಕೆ ಹರಡಿದರೂ ಎರಡು ಸೆಂಟಿಮೀಟರ್ ಆಸುಪಾಸು. ಮಿನಿಮಾಗೆ ಹಿಂರೆಕ್ಕೆಯ ಅಡಿಯಲ್ಲಿ ಸಣ್ಣ ಬಿಳಿ ಗೆರೆ. 'ಸ್ಕಿಪ್ಪರ್' ಅಂತಲೇ ಬರೆದರೆ ಮಕ್ಕಳು ಕ್ರಿಕೆಟ್ ಕ್ಯಾಪ್ಟನ್ ಅಂದುಕೊಳ್ಳುತ್ತಾರೆ. 'ಕಿರುಜಿಗಿಚಿಟ್ಟೆ' ನಡೆಯುತ್ತಾ?

ಉತ್ತರ: ನಡೆಯುವುದಿಲ್ಲ. ಕರಾವಳಿಯಲ್ಲಿ 'ಚಿಟ್ಟೆ' ಅಂದರೆ ಜಗುಲಿ. 'ಪಾತರಗಿತ್ತಿ' ಅನ್ನಿ. ಪಾತರ ಅಂದರೆ ಕುಣಿಯುವವಳು, ಒಕ್ಕಲಗಿತ್ತಿಯಲ್ಲಿರುವ ಅದೇ 'ಗಿತ್ತಿ'. ಕುಣಿತ ಹೆಸರಲ್ಲೇ ಇರುವಾಗ 'ಜಿಗಿ' ಯಾಕೆ? 'ಕುಲ'ವೂ ಬೇಡ, ಸಂಸ್ಕೃತ. 'ಬಳಗ' ಅನ್ನಿ.

ಉತ್ತರ: 'ಪಾತರ' ಎಲ್ಲಿಂದ ಬಂತು ಸ್ವಾಮಿ? 'ಪಾತ್ರ'ದ ತದ್ಭವ ಅಲ್ವಾ? ಜಗುಲಿಯ ವಾದವಂತೂ ಸುಮ್ನೆ. ಅದು ಹಾರುವುದಿಲ್ಲ ಅಂತ ಉಡುಪಿಯ ಮಕ್ಕಳಿಗೂ ಗೊತ್ತು. ಇನ್ನು ಪಾತರಗಿತ್ತಿಯ ಒನಪು ಇವಕ್ಕಿಲ್ಲ. ಹುಲ್ಲಿನ ತುದಿಯಿಂದ ತುದಿಗೆ ಚಂಗನೆ ಹೋಗುತ್ತವೆ. ಬಿಸಿಲು ಕಾಯುವಾಗ ಹಿಂರೆಕ್ಕೆ ಚಪ್ಪಟೆ ಹರಡಿ, ಮುಂರೆಕ್ಕೆ ಎತ್ತಿ ಕೂರುತ್ತವೆ, ಥೇಟ್ ಜೆಟ್ ವಿಮಾನ. ಹಾಗಾಗಿ 'ಜಿಗಿ' ಇರಲಿ. 'ಕಿರು' ಬೇಡ, ಈ ಕುಟುಂಬದಲ್ಲಿ ಹೆಚ್ಚಿನವು ಕಿರಿದೇ. ಈ ಎರಡರ ಹುಳುಗಳೂ ಬರ್ಮುಡಾ ಹುಲ್ಲು ತಿಂದು ಬೆಳೆಯುತ್ತವೆ. ಅದು ಬೇರೇನೂ ಅಲ್ಲ, ಗಣಪತಿಗೆ ಏರಿಸುವ ನಮ್ಮ ಗರಿಕೆ, ಸೈನೊಡಾನ್ ಡ್ಯಾಕ್ಟಿಲಾನ್. ಅಮೆರಿಕಕ್ಕೆ ಅದು ಹೊರಗಿನಿಂದ ಹೋದದ್ದು. 'ಗರಿಕೆಜಿಗಿ' ಅನ್ನಿ. ಮಿನಿಮಾಗೆ 'ಬಿಳಿಗೆರೆ ಗರಿಕೆಜಿಗಿ'.

ಉತ್ತರ: ಗರಿಕೆ ತಿನ್ನುವ ಸ್ಕಿಪ್ಪರ್‌ಗಳು ಅಲ್ಲಿ ಬೇರೆಯೂ ಇವೆ. ಅವಕ್ಕೆಲ್ಲ ಏನು ಹೆಸರಿಡುತ್ತೀರಿ? ಬಸ್ಸು, ರೈಲು, ಟಿಕೆಟ್ಟು ನುಂಗಿದ ನಾಲಿಗೆಗೆ 'ಸ್ಕಿಪ್ಪರ್' ಒಂದು ಭಾರವಾ? ಹೀಗೆ ಕಟ್ಟಿದ ಪದಗಳು ಪಟ್ಟಿಯಲ್ಲೇ ಉಳಿಯುತ್ತವೆ, ಬಾಯಿಗೆ ಬರುವುದಿಲ್ಲ.

ಉತ್ತರ: ಬಸ್ಸಿಗೆ ಬೇರೆ ದಾರಿ ಇರಲಿಲ್ಲ. ಜಿಗಿತಕ್ಕೂ ಇಂಗ್ಲಿಷಿನ ಸಾಲ ಬೇಕಾ?

ಪ್ರಶ್ನೆ ಕೇಳಿದವಳು: ಬಸ್ಸಿನ ಜಗಳ ಆಮೇಲೆ ಮುಂದುವರಿಸಿ. 'ಗರಿಕೆಜಿಗಿ' ಹಾಕುತ್ತಿದ್ದೇನೆ. 'ಕುಲ'ವೂ ಇರಲಿ, 'ಬಳಗ' ಅಂದರೆ ಮಕ್ಕಳು ನೆಂಟರು ಅಂದುಕೊಳ್ಳುತ್ತಾರೆ. ಕೊನೆಯದೊಂದು: ಕೋಪಿಯೋಡಿಸ್ ಸರಿಯಾ, ಕೋಪಿಯೋಡೀಸ್ ಸರಿಯಾ?

ಉತ್ತರ: ಡೀಸ್. ದೀರ್ಘ.