ನೌಕಾಸ್ಟಿಂಗ್‌ಗೆ ಕನ್ನಡದಲ್ಲಿ ಏನು? (ನಾಳೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ವಿಜ್ಞಾನದ ಪುಟಕ್ಕೆ ಒಂದು ಲೇಖನ ಅನುವಾದಿಸುತ್ತಿದ್ದೇನೆ, ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗುತ್ತದೆ. ಜನ ಅಂತರ್ಜಾಲದಲ್ಲಿ ಏನು ಹುಡುಕುತ್ತಾರೆ ಎಂಬುದನ್ನು ನೋಡಿ ಸಾಂಕ್ರಾಮಿಕ ರೋಗ ಎಲ್ಲಿ, ಎಷ್ಟು ಹಬ್ಬಿದೆ ಎಂದು ತಿಳಿಯುವ ವಿಷಯ. 2008ರ ನವೆಂಬರಿನಲ್ಲಿ ಬಂದ ಗೂಗಲ್ ಫ್ಲೂ ಟ್ರೆಂಡ್ಸ್‌ನ ಕಥೆ. ಸರ್ವೇಲೆನ್ಸ್‌ಗೆ 'ಕಣ್ಗಾವಲು' ಹಾಕಿದ್ದೇನೆ, ಅದರಲ್ಲಿ ತಕರಾರಿಲ್ಲ. ಸಿಕ್ಕಿಕೊಂಡಿರುವುದು 'ನೌಕಾಸ್ಟಿಂಗ್' (nowcasting, ಈಗಿನ ಸ್ಥಿತಿಯನ್ನು ಈಗಲೇ ಊಹಿಸುವುದು) ಹತ್ತಿರ. ಹಾಗೇ ಬರೆದಿದ್ದಕ್ಕೆ ಪ್ರೂಫ್ ನೋಡುವವರು "ಇದು ನೌಕಾಪಡೆಯ ಪದವೇ?" ಎಂದು ಕೇಳಿದರು. ಅವರದು ತಪ್ಪಲ್ಲ, ಕಣ್ಣಿಗೆ ಮೊದಲು ಬೀಳುವುದು 'ನೌಕಾ'ನೇ.

ಸಂಪಾದಕರು ಅದನ್ನು 'ಮುನ್ಸೂಚನೆ' ಎಂದು ತಿದ್ದಿದ್ದಾರೆ. ಅರ್ಥವೇ ಕೆಟ್ಟಿತು. ಮುಂದೆ ಬರಲಿರುವ ಜ್ವರದ ಮಾತಲ್ಲ ಇದು. ಈ ಹೊತ್ತು ಎಷ್ಟು ಜನ ಹಾಸಿಗೆ ಹಿಡಿದಿದ್ದಾರೆ ಎಂಬುದು. ರಾತ್ರಿ ಎರಡು ಗಂಟೆಗೆ ಮಗುವಿನ ಹಣೆ ಮುಟ್ಟಿ ನೋಡಿದ ತಾಯಿ ಫೋನಿನಲ್ಲಿ ಹುಡುಕುತ್ತಾಳೆ, ಅದು ಆಗಲೇ ದಾಖಲಾಗುತ್ತದೆ. ವೈದ್ಯರ ವರದಿಗಳನ್ನು ಕೂಡಿಸಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅಂಕಿ ಪ್ರಕಟಿಸುವಷ್ಟರಲ್ಲಿ ಒಂದೆರಡು ವಾರ ಕಳೆದಿರುತ್ತದೆ. ಆ ಅಂತರವನ್ನು ಮುಚ್ಚುವ ಕೆಲಸಕ್ಕೆ ಒಂದು ಹೆಸರು ಕೊಡಿ.

ಮರು:
ಮುನ್ಸೂಚನೆಯೇ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆರೆಸಿದ್ದು. ಬಿರುದುಗಳಲ್ಲೂ ಹಿಂದಿನವರ ಪ್ರಯೋಗಗಳಲ್ಲೂ ಇದ್ದರೆ ಇರಲಿ ಎಂದು ವ್ಯಾಕರಣಕಾರ ಕೇಶಿರಾಜ ಒಪ್ಪಿದ್ದನ್ನು ಪತ್ರಿಕೆಗಳು ದಿನಬಳಕೆಗೆ ಎಳೆದು ತಂದಿವೆ. ಈಗ + ಎಣಿಕೆ = ಈಗೆಣಿಕೆ. ಲೋಪಸಂಧಿ, ಅಚ್ಚಗನ್ನಡ. ಮುಗಿಯಿತು.

ಮರು:
> ಮುಗಿಯಿತು.
ಮುಗಿಯಲಿಲ್ಲ ಸರ್. ಶಾಸ್ತ್ರದ ಪದಕ್ಕೆ ಶಾಸ್ತ್ರದ ತೂಕ ಬೇಕು. ಸದ್ಯಃ + ಅನುಮಾನ = ಸದ್ಯೋನುಮಾನ, ಸದ್ಯೋಜಾತದ ಹಾಗೆ. ಹೊಗೆ ಕಂಡು ಬೆಂಕಿ ಇದೆ ಎಂದು ತಿಳಿಯುವುದು ಅನುಮಾನ. ಹುಡುಕಾಟ ಕಂಡು ಜ್ವರ ಇದೆ ಎಂದು ತಿಳಿಯುವುದೂ ಅದೇ.

ಮರು:
> ಸದ್ಯೋನುಮಾನ
ಅನುಮಾನ ಎಂದರೆ ಕನ್ನಡಿಗರಿಗೆ ಶಂಕೆ. ತರ್ಕಶಾಸ್ತ್ರ ಓದಿದ ನಾಲ್ಕು ಜನಕ್ಕಾಗಿ ಪತ್ರಿಕೆ ಅಚ್ಚಾಗುವುದಿಲ್ಲ. ಹೊಸ ಪದ ಬೇಕಾದಾಗಲೆಲ್ಲ ಸಂಸ್ಕೃತದ ಬಾಗಿಲು ಬಡಿಯುವ ಚಟ ಮೊದಲು ಬಿಡಬೇಕು.

ಮರು:
ರೋಗದ ಅಂಕಿಅಂಶಗಳ ಜೊತೆ ಕೆಲಸ ಮಾಡುವವಳು ನಾನು. ಈ ಎರವಲಿನ ಜಗಳ ಅಸಲು ವಿಷಯಕ್ಕೇ ತಾಗುತ್ತದೆ. ಗೂಗಲ್‌ನವರು ಸುಮಾರು 5 ಕೋಟಿ ಹುಡುಕುಪದಗಳನ್ನು ಸಿಡಿಸಿಯ ಹಳೆಯ ಅಂಕಿಗಳ ಜೊತೆ ತಾಳೆ ನೋಡಿ 45ನ್ನು ಉಳಿಸಿಕೊಂಡರು. ಮೊದಲ ಜರಡಿಯಲ್ಲಿ ನೋಡಿದ್ದು ಅರ್ಥವನ್ನಲ್ಲ, ಏರಿಳಿತವನ್ನು. ಹಾಗಾಗಿ ಹೈಸ್ಕೂಲ್ ಬಾಸ್ಕೆಟ್‌ಬಾಲ್ ಕೂಡ ಫ್ಲೂ ಜೊತೆ ಹೊಂದಿಕೊಂಡಂತೆ ಕಂಡಿತು. ಎರಡೂ ಚಳಿಗಾಲದವು, ಅಷ್ಟೇ. ಅಂಥವನ್ನು ಹೊರಗಿಡಬೇಕಾಯಿತು. ಕನ್ನಡದಲ್ಲಿ ಇದನ್ನು ಮಾಡಹೊರಟರೆ ಜನ ಟೈಪ್ ಮಾಡುವುದು 'ಜ್ವರ', 'ಫೀವರ್', 'ಮೈಕೈ ನೋವು', ಅದೂ ಎಷ್ಟೋ ಸಲ ಇಂಗ್ಲಿಷ್ ಅಕ್ಷರಗಳಲ್ಲಿ. ಶುದ್ಧವಾದದ್ದನ್ನಷ್ಟೇ ಲೆಕ್ಕ ಹಿಡಿದರೆ ಮನೆಮಂದಿಯೆಲ್ಲ ಮಲಗಿದ್ದರೂ ನಮ್ಮ ಪಟ್ಟಿಯಲ್ಲಿ ಯಾರಿಗೂ ಜ್ವರವಿಲ್ಲ.

'ಎಣಿಕೆ' ದಯವಿಟ್ಟು ಬೇಡ. ಎಣಿಕೆ ಎಂದರೆ ತಲೆ ಎಣಿಸಿದ್ದು. ಇಲ್ಲಿ ಎಣಿಸಿದ್ದು ಹುಡುಕಾಟಗಳನ್ನು, ರೋಗಿಗಳನ್ನಲ್ಲ. ಫ್ಲೂ ಟ್ರೆಂಡ್ಸ್ ಎಡವಿದ್ದೂ ಅಲ್ಲೇ. 2009ರ ಎಚ್1ಎನ್1ನ ಮೊದಲ ಅಲೆಯನ್ನು ಕಡಿಮೆ ತೋರಿಸಿತು. 2012–13ರ ಚಳಿಗಾಲದಲ್ಲಿ ಸಿಡಿಸಿ ಲೆಕ್ಕದ ಹೆಚ್ಚುಕಡಿಮೆ ಎರಡರಷ್ಟು ತೋರಿಸಿತು. ಸುದ್ದಿ ಓದಿ ಹೆದರಿ ಹುಡುಕುವ ಆರೋಗ್ಯವಂತನನ್ನು ಅದು ರೋಗಿಯಿಂದ ಬೇರೆ ಮಾಡಲಾರದು. 2015ರ ಆಗಸ್ಟ್‌ನಲ್ಲಿ ಅಂಕಿ ಪ್ರಕಟಿಸುವುದನ್ನೇ ನಿಲ್ಲಿಸಿದರು.

ಮರು:
> ಎಣಿಕೆ ಎಂದರೆ ತಲೆ ಎಣಿಸಿದ್ದು.
ಪೂರ್ತಿ ಸರಿಯಲ್ಲ. ಎಣಿಸು ಎಂದರೆ ಭಾವಿಸು ಎಂದೂ ಇದೆ. "ಹೀಗಾಗುತ್ತದೆಂದು ಎಣಿಸಿರಲಿಲ್ಲ" ಎಂದು ಇವತ್ತಿಗೂ ಆಡುತ್ತೇವೆ. ಲೆಕ್ಕ, ಊಹೆ ಎರಡೂ ಒಂದೇ ಪದದಲ್ಲಿ ಕೂಡಿವೆ. ಇದಕ್ಕಿಂತ ಒಪ್ಪುವ ಪದ ಯಾವ ಭಾಷೆಯಿಂದ ತರುತ್ತೀರಿ?

ಮರು:
ಎಲ್ಲರಿಗೂ ಧನ್ಯವಾದ. ಮೇಡಂ ಮಾತು ನನಗೆ ಹಿಡಿಸಿತು. 'ಎಣಿಕೆ' ಕಂಡ ಓದುಗರಿಗೆ ಮೊದಲು ನೆನಪಾಗುವುದು ಮತ ಎಣಿಕೆ, ಒಂದೂ ತಪ್ಪಬಾರದ ಲೆಕ್ಕ. ತಲೆಬರಹದಲ್ಲಿ 'ಈ ಹೊತ್ತಿನ ಅಂದಾಜು' ಎಂದಿಟ್ಟೆ, ಸಂಪಾದಕರೂ ಒಪ್ಪಿದರು. 'ಈಗೆಣಿಕೆ' ಎಂದೂ ಕರೆಯಬಹುದು ಎಂಬ ಸಾಲನ್ನು ಒಳಗೆ ಸೇರಿಸಿದ್ದೇನೆ.

ಮರು:
ಅಂದಾಜು ಪಾರಸಿ.

ಮರು:
ಗೊತ್ತು ಸರ್, ಇರಲಿ. ಹೆಚ್ಚುಕಡಿಮೆ ಆಗಬಹುದು ಎಂಬ ಎಚ್ಚರ ಆ ಪದದಲ್ಲೇ ಇದೆ, ನನಗೆ ಬೇಕಾಗಿದ್ದದ್ದು ಅದು. ಪುಟ ಕಳಿಸಿಯಾಯಿತು.