20 ವ್ಯಾಟಿನ ಹಳೆ ನ್ಯಾಡ್ 3020ಕ್ಕ ಯಾವ ಟವರ್ ಸ್ಪೀಕರ್ ಛಲೋ?

ನವನಗರ_ಕೇಳುಗ, ಬಾಗಲಕೋಟ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಮನ್ಯಾಗ ಅಪ್ಪಾರ ಕಾಲದ ನ್ಯಾಡ್ 3020 ಆಂಪ್ಲಿಫೈಯರ್ ಐತಿ, ದುಬೈದಾಗಿದ್ದ ಕಾಕಾ ತಂದು ಕೊಟ್ಟಿದ್ದು, ಈಗೂ ದನಿ ಭಾಳ ಛಲೋ ಬರ್ತೈತಿ, ಅದನ್ನ ಬಿಡೂ ಮನಸ್ಸಿಲ್ಲ. ಚಾನೆಲ್‌ಗೆ 20 ವ್ಯಾಟ್ ಅಷ್ಟ. ಈಗಿರೂ ಬುಕ್‌ಶೆಲ್ಫ್ ಸ್ಪೀಕರಿನ್ಯಾಗ ಗಾಯನ ಸ್ಪಷ್ಟ ಕೇಳಸ್ತೈತಿ ಆದ್ರ ತಬಲಾದ ಡಗ್ಗಾ (ಎಡಗೈಯ ದಪ್ಪ ದನಿ) ತುಂಬಿ ಬರೂದಿಲ್ಲ, ಅದಕ್ಕ ನೆಲದ ಮ್ಯಾಲ ನಿಲ್ಲೂ ಎತ್ತರದ ಟವರ್ ಸ್ಪೀಕರ್ ತಗೋಬೇಕಂತ ಮಾಡೀನಿ. ಹಾಲ್ 18 ಫೂಟು 14 ಫೂಟು, ಕೆಳಗ ಶಹಾಬಾದಿ ಫರ್ಸಿ, ಮ್ಯಾಲ ಸ್ಲ್ಯಾಬ್, ಕೂಡೂದು 10 ಫೂಟು ದೂರ. ಹೆಚ್ಚಾಗಿ ಕೇಳೂದು ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ, ಕುಮಾರ ಗಂಧರ್ವ, ರಾತ್ರಿ ಹಳೆ ಸಿನಿಮಾ ಹಾಡು. ಅಂಗಡ್ಯಾಂವ 20 ವ್ಯಾಟಿಗೆ ಟವರ್ ಓಡೂದs ಇಲ್ಲ, ಮೊದಲ 100 ವ್ಯಾಟಿನ ಆಂಪ್ ತಗೊಳ್ರಿ ಅಂತಾನ. ಖರೇ ಏನ್ರಿ? ಸೆನ್ಸಿಟಿವಿಟಿ (ಒಂದ ವ್ಯಾಟಿಗೆ ಎಷ್ಟು ಜೋರ ದನಿ ಬರ್ತೈತಿ ಅನ್ನೂದು) ಹೆಚ್ಚಿಂದು ನೋಡಿ ತಗೊಂಡ್ರ ಆತಂತ ಒಬ್ರು ಅಂದ್ರು. ಲಕ್ಷದೊಳಗ ಆಗಬೇಕು.

ಟಿಳಕವಾಡಿ_ಸೋಲ್ಡರ್, ಬೆಳಗಾವಿ:
ಆಂಪ್ ಬಿಡಬ್ಯಾಡ್ರಿ ಸರ್. 3020 ಅಂದ್ರ 1978ರ ಡಿಸೈನು, ಕಾಗದದ ಮ್ಯಾಲ 20 ವ್ಯಾಟ್ ಆದ್ರೂ ಒಮ್ಮಿಗೇ ಪೆಟ್ಟು ಬಂದಾಗ ಅದಕ್ಕಿಂತ ಹೆಚ್ಚು ಕೊಡೂ ತಾಕತ್ತು ಐತಿ ಅಂತನ ಅದರ ಹೆಸರು ಆಗಿದ್ದು.

ಲೆಕ್ಕಾ ಹಿಂಗ ಹಾಕ್ರಿ. ದನಿಯ ಜೋರು ಅಳಿಯೂದು ಡಿಬಿ (ಡೆಸಿಬೆಲ್) ಲೆಕ್ಕದಾಗ. 88 ಡಿಬಿ ಸ್ಪೀಕರ್ ಅಂದ್ರ 1 ವ್ಯಾಟ್ ಕೊಟ್ಟಾಗ 1 ಮೀಟರಿನ್ಯಾಗ 88. ವ್ಯಾಟ್ ಡಬಲ್ ಆದಂಗ 3 ಡಿಬಿ ಏರ್ತೈತಿ, 20 ವ್ಯಾಟಿಗೆ 13 ಏರಿ 101 ಆಗ್ತೈತಿ. ನೀವು ಕೂಡೂದು 3 ಮೀಟರ್ ದೂರ, ಬಯಲಾಗಾದ್ರ ಅಲ್ಲಿಗೆ ಒಂಬತ್ತು ಹತ್ತು ಡಿಬಿ ಇಳೀತಿತ್ತು, ಆದ್ರ ಗ್ವಾಡಿ ವಾಪಸ್ ಕಳಸೂದು, ಎರಡನೇ ಸ್ಪೀಕರಿಂದು, ಎಲ್ಲಾ ಕೂಡಿ ನಿಮ್ಮ ಕುರ್ಚಿಗೆ 95ರ ಆಜುಬಾಜು ಪೀಕ್ (ಅತೀ ಜೋರಿನ ಪೆಟ್ಟು) ಸಿಗ್ತೈತಿ. ಖಯಾಲ್ ಗಾಯನಕ್ಕ ಇದು ಸಾಕ್ರಿ, ಆಲಾಪ ನಡದಾಗ ಆಂಪ್ ಕೊಡೂದು 1 ವ್ಯಾಟಿಗಿಂತ ಕಡಿಮಿ, ತಬಲಾದ ಪೆಟ್ಟಿಗೆ ಮಾತ್ರ ಹತ್ತು ಪಟ್ಟು ಅದಕ್ಕೂ ಹೆಚ್ಚು ಬೇಕಾಗ್ತೈತಿ. ಅದೇ 94 ಡಿಬಿ ಸ್ಪೀಕರ್ ಇಟ್ರ ನಿಮ್ಮ 20 ವ್ಯಾಟು 88ರ ಸ್ಪೀಕರಿಗೆ 80 ವ್ಯಾಟ್ ಕೊಟ್ಟಷ್ಟು ಕೆಲಸಾ ಮಾಡ್ತೈತಿ. ಅಂಗಡ್ಯಾಂವನ 100 ವ್ಯಾಟ್ ಅಂದ್ರ ಬರೇ 7 ಡಿಬಿ ಹೆಚ್ಚು, ಅಷ್ಟಕ್ಕ ಹೊಸಾ ಆಂಪಿನ ರೊಕ್ಕ ಯಾಕ ಹಾಕ್ತೀರಿ, ಸ್ಪೀಕರಿಗೆ ಹಾಕ್ರಿ.

ಆದ್ರ ಡಿಬಿ ಒಂದ ನೋಡಿ ತಗೋಬ್ಯಾಡ್ರಿ. ಭಾಳ ಕಂಪನಿಗಳು 1 ವ್ಯಾಟ್ ಅಂತ ಬರಿಯೂದಿಲ್ಲ, 2.83 ವೋಲ್ಟ್ ಅಂತ ಬರೀತಾವು. ಓಮ್ ಅಂದ್ರ ಸ್ಪೀಕರ್ ಕರೆಂಟಿಗೆ ಒಡ್ಡೂ ಅಡ್ಡಿ (ಇಂಪೀಡನ್ಸ್), ಅದು ಕಡಿಮಿ ಆದಷ್ಟು ಆಂಪಿಗೆ ಹೊರೆ ಹೆಚ್ಚು. 8 ಓಮಿಗೆ 2.83 ವೋಲ್ಟ್ ಅಂದ್ರ 1 ವ್ಯಾಟು, 4 ಓಮಿಗೆ 2 ವ್ಯಾಟು. ಅಂದ್ರ 4 ಓಮಿನ ಸ್ಪೀಕರ್ ಮ್ಯಾಲ 91 ಅಂತ ಇದ್ರ ವ್ಯಾಟಿನ ಲೆಕ್ಕದಾಗ ಅದು 88. ಟವರಿನ್ಯಾಗ ಎರಡು ವೂಫರ್ (ದಪ್ಪ ದನಿ ಕೊಡೂ ಕೋನು) ಪ್ಯಾರಲಲ್ ಹಾಕಿರ್ತಾರ, ಅಲ್ಲೇ ಓಮ್ ಕೆಳಗ ಇಳಿಯೂದು, ಅದೂ ಹೆಚ್ಚಾಗಿ 100–200 ಹರ್ಟ್ಜ್ ನಡುವ, ಡಗ್ಗಾದ ಮೈ ಇರೂ ಜಾಗಾದಾಗ. 8 ಓಮ್ ಅಂತ ಬರದ್ರ ಐಇಸಿ ಅನ್ನೂ ಅಂತರರಾಷ್ಟ್ರೀಯ ಮಂಡಳಿ ನಿಯಮದ ಪ್ರಕಾರ 6.4ಕ್ಕಿಂತ ಕೆಳಗ ಹೋಗಬಾರದು, ಆದ್ರ ಎಲ್ಲಾರೂ ಪಾಲಸೂದಿಲ್ಲ, ಅದಕ್ಕ ಇಂಪೀಡನ್ಸ್ ಗ್ರಾಫ್ ಹುಡುಕಿ ನೋಡ್ರಿ.

ತಗೊಳ್ಳೂಕಿಂತ ಮೊದಲ ಆಂಪ್ ತಗಸಿ ತೋರಸ್ರಿ. ಹಿಂದ ಪ್ರಿ ಔಟ್ (ವಾಲ್ಯೂಮ್ ಭಾಗದಿಂದ ಸಿಗ್ನಲ್ ಹೊರಬರೂ ತೂತು), ಮೇನ್ ಇನ್ (ಪವರ್ ಭಾಗಕ್ಕ ಸಿಗ್ನಲ್ ಒಳಹೋಗೂ ತೂತು) ನಡುವ ಯು ಆಕಾರದ ಲೋಹದ ಜಂಪರ್ ಅದಾವಲ್ಲ, ಅವು ಕರ್ರಗಾಗಿದ್ರ ಒಂದ ಬಾಜು ದನಿ ಕುಂದತೈತಿ. ಸ್ವಿಚ್ ಆಫ್ ಮಾಡಿ, ತಗದು, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರಸಿ ವಾಪಸ್ ಹಾಕ್ರಿ. ಪವರ್ ಸಪ್ಲೈದ ದೊಡ್ಡ ಕೆಪ್ಯಾಸಿಟರ್ ಇಷ್ಟು ವರ್ಷಕ್ಕ ಸೊರಗಿರ್ತಾವು. ಅವು ಹೊಸಾವು ಹಾಕಿದ್ರ ಈಗಿರೂ ಸ್ಪೀಕರಿನ್ಯಾಗ ಡಗ್ಗಾ ಎಷ್ಟು ಸುಧಾರಸ್ತೈತಿ ಅನ್ನೂದು ಮೊದಲ ಕೇಳ್ರಿ.

ಗುಮ್ಮಟ_ದನಿ, ವಿಜಯಪುರ:
ನನ್ ಹತ್ರ ಕ್ಲಿಪ್ಷ್ ಆರ್‌ಪಿ-8000ಎಫ್ ಐತ್ರಿ. ಕಂಪನಿ 98 ಡಿಬಿ ಅಂತೈತಿ, ಅದು ರೂಮಿನ್ಯಾಗ ಇಟ್ಟ ಲೆಕ್ಕಾ, ದನಿ ವಾಪಸ್ ಬರದ ಛೇಂಬರಿನ್ಯಾಗ ಅಳದವ್ರಿಗೆ ಹಲವು ಡಿಬಿ ಕಡಿಮಿ ಸಿಕ್ಕೈತಿ. ಆದ್ರೂ ಸಣ್ಣ ಆಂಪಿಗೆ ಭಾಳ ಹಗೂರ, ನಾನು ವಾಲ್ಯೂಮ್ ನಾಬ್ ಗಡಿಯಾರದ 9 ಗಂಟೆ ಜಾಗಾ ದಾಟಸೂದs ಇಲ್ಲ. ಹಾಲಿನ ಬಗ್ಗೆ ಮಾತ್ರ ಒಂದು ಮಾತು ಹೇಳ್ತೀನ್ರಿ. ಇದರಾಗ ಇರೂದು ಹಾರ್ನ್ ಟ್ವೀಟರ್, ಅಂದ್ರ ತೆಳ್ಳನ ದನಿ ಕೊಡೂ ಭಾಗಕ್ಕ ತುತ್ತೂರಿ ಬಾಯಿ. ಅದನ್ನ ಫರ್ಸಿ ಮ್ಯಾಲ, ಬರೀ ಗ್ವಾಡಿ ನಡುವ ಇಟ್ರ ತಾರ ಸಪ್ತಕದಾಗ ಗಂಗೂಬಾಯಿ ದನಿ ಚುಚ್ಚತೈತಿ, ಹಾರ್ಮೋನಿಯಂ ಅಂತೂ ಕೇಳಾಕ ಆಗೂದಿಲ್ಲ. ನಾನು ಸ್ಪೀಕರ್ ಮುಂದ ನವಲಗುಂದದ ಜಮಖಾನಿ ಹಾಸಿ ನೋಡಿದ್ನಿ, ತೆಳ್ಳಗ ಐತಲ್ಲ, ಮ್ಯಾಲಿನ ದನಿ ಸ್ವಲ್ಪ ಹೀರತು ಅಷ್ಟ. ಅದರ ಕೆಳಗ ಗಾದಿ ಹಾಕಿ, ಹಿಂದಿನ ಗ್ವಾಡಿಗೆ ದಪ್ಪ ಪರದೆ ಬಿಟ್ಟ ಮ್ಯಾಲ ಗಾಯಕಿ ಸ್ವರ ಮುಟ್ಟೂದು, ತಂಬೂರಿ ಜವಾರಿ, ಎರಡೂ ಬ್ಯಾರೆ ಬ್ಯಾರೆ ಕೇಳಾಕ ಹತ್ತಿದ್ವು. ಗಾಯನನ ಮುಖ್ಯ ಅಂದ್ರ ನಿಮ್ಮ ಹಾಲಿಗೆ ಸಾದಾ ಡೋಮ್ (ಗುಮ್ಮಟದ ಆಕಾರದ) ಟ್ವೀಟರ್ ಇರೂದನ್ನ ಮೊದಲ ಕೇಳ್ರಿ.

ಸೋಲ್ಡರ್ ಅಣ್ಣಾರ ಮಾತಿಗೆ ಒಂದು ಸೇರಸ್ತೀನಿ. ಸಣ್ಣ ಡಬ್ಬಿ, ಆಳದ ಬಾಸ್, ಹೆಚ್ಚು ಸೆನ್ಸಿಟಿವಿಟಿ, ಮೂರರಾಗ ಎರಡs ಸಿಗ್ತಾವು, ಹಾಫ್‌ಮನ್ ನಿಯಮ ಅಂತಾರ ಇದಕ್ಕ. ತೆಳ್ಳನ ಟವರ್ ಮ್ಯಾಲ 95 ಡಿಬಿ, 35 ಹರ್ಟ್ಜ್ ತನಕ ಬಾಸ್, ಎರಡೂ ಬರದಿದ್ರ ನಂಬಬ್ಯಾಡ್ರಿ.

ಖಡೇಬಜಾರ್_ಕಿವಿ, ಬೆಳಗಾವಿ:
ಬರೇ ಡಗ್ಗಾಕ್ಕ ಟವರ್ ಯಾಕ್ರಿ? ಪ್ರಿ ಔಟ್ ಐತಲ್ಲ, ಬರೇ ಬಾಸಿಗೆ ಅಂತಿರೂ ಸಣ್ಣದೊಂದು ಪವರ್ಡ್ ಸಬ್‌ವೂಫರ್ ಹಚ್ರಿ, ಅದಕ್ಕ ಅದರದs ಆಂಪ್ ಇರ್ತೈತಿ.

ಟಿಳಕವಾಡಿ_ಸೋಲ್ಡರ್, ಬೆಳಗಾವಿ:
ಆಗ್ತೈತಿ, ವೈ ಕೇಬಲ್ ಹಾಕಿ ಒಂದು ವಾಯರ್ ಮೇನ್ ಇನ್‌ಗೆ ವಾಪಸ್ ಹೋಗಬೇಕು, ಇಲ್ಲಾಂದ್ರ ಸ್ಪೀಕರ್ ಸುಮ್ಮನಾಗ್ತಾವು. ಆದ್ರ ಡಗ್ಗಾದ ಮೀಂಡ್ ಕೆಳಗಿಂದ ಮ್ಯಾಲ ಜಾರ್ತೈತಲ್ಲ, ಅದರ ಅರ್ಧ ಸಬ್‌ನ್ಯಾಗ, ಅರ್ಧ ಸ್ಪೀಕರಿನ್ಯಾಗ ಬಂದು ನಡುವ ಒಡದ್ರ ನನಗ ಸಹಿಸೂದಿಲ್ರಿ. ತಾಳ್ಮೆಯಿಂದ ಸೆಟ್ ಮಾಡೂ ಮಂದಿಗೆ ಛಲೋ, ಉಳದವ್ರಿಗೆ ಟವರs ಸಲೀಸು.

ನವನಗರ_ಕೇಳುಗ, ಬಾಗಲಕೋಟ:
ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಜಂಪರ್ ತಗದು ನೋಡಿದ್ನಿ, ಕರ್ರಗ ಆಗಿದ್ವು, ಒರಸಿದ ಮ್ಯಾಲ ಎಡಬಾಜು ದನಿ ಸರಿಯಾತು. ಕೆಪ್ಯಾಸಿಟರ್ ಹಾಕಸ್ತೀನಿ. ಡಾಲಿ ಒಬೆರಾನ್ 5 ಮನಸ್ಸಿನ್ಯಾಗ ಐತಿ, ಡೋಮ್ ಟ್ವೀಟರ್, 88 ಡಿಬಿ, 6 ಓಮ್, ನಡೀತೈತೇನ್ರಿ?

ಟಿಳಕವಾಡಿ_ಸೋಲ್ಡರ್, ಬೆಳಗಾವಿ:
ನಿಮ್ಮ 10 ಫೂಟಿಗೆ, ನೀವು ಕೇಳೂ ಸಂಗೀತಕ್ಕ ನಡೀತೈತ್ರಿ. ಹಿಂದ ಪೋರ್ಟ್ (ಬಾಸ್ ಗಾಳಿ ಹೊರಬರೂ ತೂತು) ಐತಿ, ಗ್ವಾಡಿಯಿಂದ ಒಂದೂವರೆ ಫೂಟು ಬಿಟ್ಟು ಶುರು ಮಾಡಿ ಹಿಂದ ಮುಂದ ಸರಸಿ ನೋಡ್ರಿ. ಮನ್ಯಾಗ ಮದುವಿ ಮುಂಜಿವಿಗೆ ಜೋರ ಹಚ್ಚಾವ್ರಿದ್ರ ಮಾತ್ರ ಇದು ಬ್ಯಾಡ, ಆಂಪ್ ತಾಕತ್ತು ಮೀರಿ ದನಿ ಒಡದು (ಕ್ಲಿಪ್ ಆಗಿ) ಮೊದಲ ಟ್ವೀಟರ್ ಸುಡ್ತೈತಿ, ಹಂಗಿದ್ರ 92 ಡಿಬಿ ಮ್ಯಾಲಿಂದು ಹುಡುಕ್ರಿ. ಬೆಂಗಳೂರಿಗೆ ಕೇಳಾಕ ಹೋಗೂದಾದ್ರ 3020 ಕಟಗೊಂಡು ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ರಿ, ಸಣ್ಣ ಆಂಪು, ಮಡಿಲಾಗ ಇಟಗೊಂಡು ಹೋಗಬಹುದು. ಶೋರೂಮಿನ ದೊಡ್ಡ ಆಂಪಿಗೆ ಹಚ್ಚಿ ಕೇಳಿ ತೀರ್ಮಾನ ಮಾಡಬ್ಯಾಡ್ರಿ. ವಿಲಂಬಿತ ಏಕತಾಲದ ರೆಕಾರ್ಡಿಂಗ್ ಒಂದು ಒಯ್ರಿ, ನೀವು ಮನ್ಯಾಗ ಕೇಳೂ ಜೋರಿಗೆ ಇಟ್ಟು ಡಗ್ಗಾದ ಪೆಟ್ಟು ಗಾಯಕಿಯ ದನಿ ಮುಕ್ಕತೈತೇನು ಅಷ್ಟ ನೋಡ್ರಿ.